ಮೋಟಾರು ಕಾರಿನ ಬ್ಯಾಟರಿ ಮತ್ತು ಚಾಲನಾರಂಭದ ವಿದ್ಯುದ್ದೋಷಗಳು

ಅಂತರ್ದಹನ ಎಂಜಿನ್ನು ತನ್ನಷ್ಟಕ್ಕೆ ತಾನೇ ತಿರುಗತೊಡಗಲಾರದು. ಉಗಿಯಂತ್ರದಲ್ಲಿ ಆವಿಯನ್ನು ಬಿಟ್ಟೊಡನೆ ಪಿಸ್ಟನ್ನು ಚಲಿಸುವುದು; ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿನಲ್ಲಾದರೋ ಗಾಳಿಯನ್ನು ಒಳಕ್ಕೆಳೆದು, ಅದನ್ನು ಅದುಮಿ, ಇಂಧನ ಹೊತ್ತಿಕೊಳ್ಳುವವರೆಗಿನ ಮೊದಲ ಕೆಲವು ಸುತ್ತುಗಳನ್ನು ಹೊರಗಿನ ಶಕ್ತಿಯೊಂದು ತಿರುಗಿಸಿಕೊಡಬೇಕಾಗುವುದು. ಈ ಶಕ್ತಿಯನ್ನು ಕೂಡಿಟ್ಟುಕೊಂಡಿರುವುದು ಬ್ಯಾಟರಿ. ಅದನ್ನು ತಿರುಗುಬಲವಾಗಿ ಮಾರ್ಪಡಿಸುವುದು ಸ್ಟಾರ್ಟರ್ ಮೋಟಾರು, ಎಂದರೆ ನಮ್ಮ ಗ್ಯಾರೇಜುಗಳ ಬಳಕೆಯ 'ಸೆಲ್ಫ್'. ಇವೆರಡರ ನಡುವೆ ವಿದ್ಯುತ್ತನ್ನು ಸಾಗಿಸುವುವು ದಪ್ಪ ಕೇಬಲ್ಲುಗಳು, ಸಾಲೆನಾಯ್ಡ್ ಮತ್ತು ಕೀಲಿಯ ಸ್ವಿಚ್ಚು. ವ್ಯಯವಾದುದನ್ನು ಮರಳಿ ತುಂಬುವುದು ಆಲ್ಟರ್ನೇಟರು. ಕಾರು ಹೊರಡಲೊಲ್ಲದ ದಿನ ದೋಷವು ಈ ನಾಲ್ಕರಲ್ಲಿ ಯಾವುದರಲ್ಲಾದರೂ ಇರಬಹುದಾಗಿದ್ದರೂ ದೂರು ಬರುವುದು ಸಾಮಾನ್ಯವಾಗಿ ಬ್ಯಾಟರಿಯೊಂದರ ಮೇಲೆಯೇ. ಪರೀಕ್ಷೆ ಮಾಡದೆ ಹೊಸ ಬ್ಯಾಟರಿಯನ್ನು ಕೊಂಡು ಕೂರಿಸಿದವರು ಕೆಲವೇ ವಾರಗಳಲ್ಲಿ ಅದೂ ಬರಿದಾದುದನ್ನು ಕಂಡು ವಿಸ್ಮಯಪಡುವರು. ತುಂಬುವ ಯಂತ್ರವೋ ಸಾಗಿಸುವ ಮಾರ್ಗವೋ ಕೆಟ್ಟಿದ್ದಾಗ ಸಂಗ್ರಹವನ್ನು ಬದಲಿಸಿ ಫಲವಿಲ್ಲ. ಆದುದರಿಂದ ಕ್ರಮವರಿತು ಪರೀಕ್ಷಿಸುವುದು ಈ ವಿಷಯದಲ್ಲಿ ಉಪಕರಣಗಳಿಗಿಂತಲೂ ಮುಖ್ಯವಾದುದು.

ಮರಳಿ ತುಂಬಬಹುದಾದ ವಿದ್ಯುತ್ಕೋಶದ ಚರಿತ್ರೆ ಮೋಟಾರು ಕಾರಿನದಕ್ಕಿಂತ ಹಳೆಯದು. ಇಟಲಿಯ ವೋಲ್ಟಾ 1800ರಲ್ಲಿ ಪ್ರಕಟಪಡಿಸಿದ ಕೋಶ ಒಮ್ಮೆ ವ್ಯಯವಾದರೆ ಮುಗಿಯಿತು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಎರಡು ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿಟ್ಟು, ಬರಿದಾದ ಕೋಶಕ್ಕೆ ವಿರುದ್ಧ ದಿಕ್ಕಿನಲ್ಲಿ ಪ್ರವಾಹ ಹಾಯಿಸಿದರೆ ಅದು ಪುನಃ ಚೈತನ್ಯ ಪಡೆಯುವುದನ್ನು ತೋರಿಸಿದ. ಅದೇ ದೇಶದ ಕಮೀಲ್ ಫೋರ್ 1881ರಲ್ಲಿ ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಮೆತ್ತಿ ಸಂಗ್ರಹಶಕ್ತಿಯನ್ನು ಬಹಳವಾಗಿ ಹೆಚ್ಚಿಸಿದ. ಇಂದಿನ ಕಾರಿನ ಬ್ಯಾಟರಿ ತತ್ತ್ವದಲ್ಲಿ ಇವರಿಬ್ಬರ ಕೈಕೆಲಸವೇ. ಆದರೂ ಆರಂಭಕಾಲದ ಕಾರುಗಳು ಹೊರಡಲು ಬ್ಯಾಟರಿಯನ್ನು ನೆಚ್ಚಿರಲಿಲ್ಲ. ಮುಂಭಾಗದಲ್ಲಿ ಕಬ್ಬಿಣದ ಹಿಡಿಯೊಂದನ್ನು ತೂರಿಸಿ ಕೈಯಿಂದ ತಿರುಗಿಸಬೇಕಾಗಿತ್ತು. ಕಿಡಿ ಸಕಾಲಕ್ಕಿಂತ ಮುಂಚೆ ಬಿದ್ದರೆ ಎಂಜಿನ್ನು ಹಿಮ್ಮುಖವಾಗಿ ಒದೆದು ಮಣಿಕಟ್ಟನ್ನು ಮುರಿಯುತ್ತಿತ್ತು. ಈ ಕಷ್ಟವನ್ನು ನೀಗಿದವನು ಅಮೆರಿಕದ ಓಹಾಯೋ ಪ್ರಾಂತದ ಚಾರ್ಲ್ಸ್ ಕೆಟರಿಂಗ್. ಅಂಗಡಿಗಳಲ್ಲಿ ಹಣ ಎಣಿಸಿಡುವ ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿದ್ದ ಆತನಿಗೆ, ಕ್ಷಣಕಾಲ ಮಾತ್ರ ಕೆಲಸ ಮಾಡುವ ಮೋಟಾರಿನ ಮೇಲೆ ಅದರ ನಿತ್ಯಶಕ್ತಿಗೆ ಮೀರಿದ ಹೊರೆಯನ್ನು ಹೊರಿಸಬಹುದೆಂಬುದು ಅನುಭವದಿಂದ ತಿಳಿದಿತ್ತು. ಆತನ ಯೋಜನೆ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂತು. ಕೆಲವೇ ವರ್ಷಗಳಲ್ಲಿ ಉಳಿದ ತಯಾರಕರೂ ಅದನ್ನು ಅನುಸರಿಸಿದರು. ನಮ್ಮ ದೇಶದಲ್ಲಿ ಹಳೆಯ ಹಿಡಿ ಕೂಡಲೇ ಮರೆಯಾಗಲಿಲ್ಲ: 1957ರಲ್ಲಿ ಬಂದ ಅಂಬಾಸಡರ್ ಕಾರಿನ ಮಾಲಿಕರು ಸೆಲ್ಫ್ ತೆಗೆದುಕೊಳ್ಳದ ದಿನ ಹಿಡಿ ಹಾಕಿ ತಿರುಗಿಸುತ್ತಿದ್ದ ದೃಶ್ಯ ಮೈಸೂರು, ಬೆಂಗಳೂರುಗಳ ಬೀದಿಗಳಲ್ಲಿ ಬಹುಕಾಲ ಸಾಮಾನ್ಯವಾಗಿತ್ತು. ಆ ಎಂಜಿನ್ನುಗಳ ಜತೆಗೇ ಹಿಡಿಯ ಕಾಲವೂ ಮುಗಿದುದರಿಂದ, ಇಂದು ವಿದ್ಯುನ್ಮಾರ್ಗ ಕೆಟ್ಟರೆ ಎಂಜಿನ್ನನ್ನು ಕೈಯಿಂದ ತಿರುಗಿಸುವ ದಾರಿಯಿಲ್ಲ.

ಬ್ಯಾಟರಿಯೊಳಗೆ ನಡೆಯುವ ರಾಸಾಯನಿಕ ಕ್ರಿಯೆಯನ್ನು ಸ್ಥೂಲವಾಗಿಯಾದರೂ ಅರಿಯದವನಿಗೆ ಅದರ ರೋಗಗಳು ಅರ್ಥವಾಗವು. ಧನಫಲಕದಲ್ಲಿ ಕಂದುಬಣ್ಣದ ಸೀಸದ ಡೈಆಕ್ಸೈಡ್, ಋಣಫಲಕದಲ್ಲಿ ಬೂದುಬಣ್ಣದ ರಂಧ್ರಮಯವಾದ ಸೀಸ, ಇವುಗಳ ನಡುವೆ ನೀರು ಬೆರೆಸಿದ ಗಂಧಕಾಮ್ಲ, ಇದು ಒಂದು ಕೋಶ. ಇಂತಹ ಕೋಶವೊಂದರ ವಿಭವಾಂತರ ಸುಮಾರು 2.1 ವೋಲ್ಟ್, ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ, ರೂಢಿಯಲ್ಲಿ 12 ವೋಲ್ಟಿನದೆಂದು ಕರೆಯುವ ಬ್ಯಾಟರಿ ನಿಜವಾಗಿ 12.6 ವೋಲ್ಟನ್ನು ತೋರಿಸುವುದು. ಪ್ರವಾಹವನ್ನು ಕೊಡುತ್ತ ಹೋದಂತೆ ಎರಡೂ ಬಗೆಯ ಫಲಕಗಳು ಸೀಸದ ಸಲ್ಫೇಟಾಗಿ ಮಾರ್ಪಡುವುವು, ಆಮ್ಲ ವ್ಯಯವಾಗಿ ನೀರು ಹೆಚ್ಚುವುದು. ತುಂಬಿಸುವಾಗ ಇದೇ ಕ್ರಿಯೆ ತಲೆಕೆಳಗಾಗುವುದು. ಹೀಗೆ ಆಮ್ಲದ ಸಾಂದ್ರತೆಯೇ ಸಂಗ್ರಹದ ಲೆಕ್ಕಪತ್ರವಾಗಿರುವುದರಿಂದ, ಮುಚ್ಚಳ ತೆರೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರಿಗಿಂತ ಪ್ರಾಮಾಣಿಕವಾದ ಸಾಕ್ಷಿ ಬೇರೊಂದಿಲ್ಲ. ಪೂರ್ಣವಾಗಿ ತುಂಬಿದ ಕೋಶದಲ್ಲಿ ಸಾಪೇಕ್ಷ ಸಾಂದ್ರತೆ ಸುಮಾರು 1.265ರಿಂದ 1.280ರವರೆಗೆ, ಬರಿದಾದುದರಲ್ಲಿ 1.120ರ ಆಸುಪಾಸು ಇರುವುದು. ಉಷ್ಣಪ್ರದೇಶಗಳಿಗಾಗಿ ತಯಾರಿಸಿದ ಬ್ಯಾಟರಿಗಳಲ್ಲಿ ಇದಕ್ಕಿಂತ ತುಸು ದುರ್ಬಲವಾದ ಆಮ್ಲವನ್ನು ತುಂಬುವುದುಂಟು. ಆರು ಕೋಶಗಳ ಪೈಕಿ ಐದು ಒಂದೇ ಸಮನಾಗಿದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಕೆಳಗೆ ನಿಂತಿದ್ದರೆ, ಆ ಕೋಶದ ಫಲಕಗಳು ಪರಸ್ಪರ ತಗುಲಿಯೋ ಸವೆದೋ ಹೋಗಿವೆಯೆಂದು ತಿಳಿಯಬೇಕು. ಅಂತಹ ಬ್ಯಾಟರಿಯನ್ನು ಎಷ್ಟು ಹೊತ್ತು ಚಾರ್ಜಿಗೆ ಹಾಕಿದರೂ ಪ್ರಯೋಜನವಿಲ್ಲ. ಅದರ ವಿಭವಾಂತರ ಹತ್ತೂವರೆ ವೋಲ್ಟಿನ ಸಮೀಪದಲ್ಲಿ ನಿಂತು ಬಿಡುವುದು.

ಬ್ಯಾಟರಿಯ ಆಯುಸ್ಸನ್ನು ತಿನ್ನುವ ಕಾರಣಗಳಲ್ಲಿ ಮೊದಲನೆಯದು ಅದನ್ನು ಬರಿದಾಗಿ ಬಿಟ್ಟುಬಿಡುವುದು. ಹೊಸದಾಗಿ ಉಂಟಾದ ಸೀಸದ ಸಲ್ಫೇಟು ನಯವಾದುದು, ಸುಲಭವಾಗಿ ಕರಗತಕ್ಕದ್ದು. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಅದು ಗಟ್ಟಿಯಾದ ದೊಡ್ಡ ಹರಳುಗಳಾಗಿ ಫಲಕಗಳ ರಂಧ್ರಗಳನ್ನು ಮುಚ್ಚಿ, ಚಾರ್ಜಿಗೂ ಮಣಿಯದೆ ಉಳಿಯುವುದು. ಎರಡನೆಯದು ಉಷ್ಣ. ಬ್ಯಾಟರಿಗೆ ಚಳಿಯೇ ಶತ್ರುವೆಂಬ ಭಾವನೆ ಶೀತದೇಶಗಳಿಂದ ಬಂದುದು. ಚಳಿ ಅದರ ಶಕ್ತಿಯನ್ನು ತಾತ್ಕಾಲಿಕವಾಗಿ ಕುಂದಿಸುವುದೇ ಹೊರತು ಅದನ್ನು ಸವೆಸುವುದು ಸೆಕೆ. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿಯಾಗುವುದೆಂಬ ನಿಯಮ ಇಲ್ಲಿಯೂ ಅನ್ವಯಿಸುವುದರಿಂದ, ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಧನಫಲಕದ ಚೌಕಟ್ಟು ಬೇಗನೆ ತುಕ್ಕುಹಿಡಿಯುವುದು, ನೀರು ಬೇಗನೆ ಆರುವುದು. ಆರಿದ ನೀರಿಗೆ ಬದಲಾಗಿ ಬಟ್ಟಿಯಿಳಿಸಿದ ನೀರನ್ನು ಮಾತ್ರ, ಫಲಕಗಳು ಮುಳುಗಿ ಗುರುತಿನ ಗೆರೆ ಮುಟ್ಟುವಷ್ಟೇ ಹಾಕತಕ್ಕದ್ದು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಲವಣಗಳೂ ಕಬ್ಬಿಣದ ಅಂಶವೂ ಕೋಶದೊಳಗೆ ನಿಂತು ಸಂಗ್ರಹವನ್ನು ಸದಾ ಸೋರಿಸುತ್ತಿರುವುವು. ಆಮ್ಲ ಆವಿಯಾಗುವುದಿಲ್ಲ, ಆವಿಯಾಗುವುದು ನೀರು. ಆದಕಾರಣ ಬಲ ಬರಲೆಂದು ಆಸಿಡ್ ಹೊಯ್ಯುವ ಅಭ್ಯಾಸ ಸರ್ವಥಾ ತಪ್ಪು. ಇನ್ನು ಬಿಗಿಯದೆ ಕೂರಿಸಿದ ಬ್ಯಾಟರಿ ಹಾಳು ರಸ್ತೆಗಳಲ್ಲಿ ಕುಲುಕಾಡಿ ಫಲಕದ ಲೇಪವನ್ನು ಉದುರಿಸಿಕೊಳ್ಳುವುದನ್ನೂ ನೆನಪಿಡಬೇಕು.

ಸ್ಟಾರ್ಟರ್ ಮೋಟಾರಿನ ಸ್ವಭಾವವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ನಿಂತಿರುವಾಗಲೇ ಅತ್ಯಧಿಕ ತಿರುಗುಬಲ ಕೊಡುವುದು, ಆಗಲೇ ಅತ್ಯಧಿಕ ಪ್ರವಾಹವನ್ನು ಎಳೆಯುವುದು ಇದರ ಧರ್ಮ. ತಿರುಗತೊಡಗಿದ ಮೇಲೆ ಅದರೊಳಗೇ ಹುಟ್ಟುವ ಪ್ರತಿವಿಭವ ಪ್ರವಾಹವನ್ನು ತಗ್ಗಿಸುವುದು. ಚಿಕ್ಕ ಪೆಟ್ರೋಲ್ ಎಂಜಿನ್ನನ್ನು ತಿರುಗಿಸುವಾಗ ನೂರರಿಂದ ಇನ್ನೂರು ಆಂಪೇರುಗಳವರೆಗೂ, ಡೀಸೆಲಿನದಾದರೆ ಇನ್ನೂ ಅಧಿಕವಾಗಿಯೂ ಪ್ರವಾಹ ಬೇಕಾಗುವುದು. ಇಷ್ಟನ್ನು ಕೀಲಿಯ ಸಣ್ಣ ಸ್ವಿಚ್ಚು ತಾಳಲಾರದಾದುದರಿಂದ ಕೀಲಿಯು ಸಾಲೆನಾಯ್ಡಿನ ಸುರುಳಿಗೆ ಮಾತ್ರ ಅಲ್ಪಪ್ರವಾಹ ಕಳುಹಿಸುವುದು. ಸುರುಳಿಯ ಆಕರ್ಷಣೆ ಎರಡು ಕೆಲಸ ಮಾಡುವುದು, ಸಣ್ಣ ಹಲ್ಲುಗಾಲಿಯನ್ನು ಮುಂದೆ ತಳ್ಳಿ ಫ್ಲೈವೀಲಿನ ಹಲ್ಲುಗಳಿಗೆ ಹೊಂದಿಸುವುದು, ತಾಮ್ರದ ದಪ್ಪ ಸಂಪರ್ಕಗಳನ್ನು ಕೂಡಿಸಿ ಬ್ಯಾಟರಿಯ ಪ್ರವಾಹವನ್ನು ನೇರವಾಗಿ ಮೋಟಾರಿಗೆ ಹರಿಸುವುದು. ಕೀಲಿ ತಿರುವಿದಾಗ ಕೇಳುವ 'ಟಕ್' ಸದ್ದು ಈ ಚಲನೆಯದು; ಕಿವಿಗೊಟ್ಟು ಕೇಳುವವನಿಗೆ ರೋಗನಿದಾನದ ಅರ್ಧಭಾಗ ಈ ಸದ್ದಿನಲ್ಲಿಯೇ ಅಡಗಿದೆ.

ಹೊರಡದ ಕಾರಿನ ಮುಂದೆ ನಿಂತವನು ಮೊತ್ತಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಎಂಜಿನ್ನು ತಿರುಗುತ್ತಿದೆಯೋ ಇಲ್ಲವೋ ಎಂಬುದು. ಸೆಲ್ಫ್ ಎಂದಿನ ವೇಗದಲ್ಲಿ ಎಂಜಿನ್ನನ್ನು ತಿರುಗಿಸುತ್ತಿದ್ದು, ಅದು ಹೊತ್ತಿಕೊಳ್ಳದಿದ್ದರೆ ದೋಷ ಇಂಧನದಲ್ಲೋ ಕಿಡಿಯಲ್ಲೋ ಇರತಕ್ಕದ್ದು. ಬ್ಯಾಟರಿಯನ್ನು ಬೈದು ಫಲವಿಲ್ಲ, ಸೆಲ್ಫ್ ಹೊಡೆಯುತ್ತಲೇ ಇದ್ದು ಇದ್ದ ಚಾರ್ಜನ್ನು ಕಳೆಯುವುದೂ ಅವಿವೇಕ. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಮಾತ್ರ ಒಂದು ವಿಶೇಷವುಂಟು: ಸೆಲ್ಫ್ ತಿರುಗುತ್ತಿರುವಷ್ಟು ಹೊತ್ತು ಎಂಜಿನ್ನು ಹೊತ್ತಿಕೊಂಡು, ಕೀಲಿಯನ್ನು ಬಿಟ್ಟೊಡನೆ ನಿಂತುಹೋದರೆ, ಕಿಡಿಯ ಕಾಯಿಲಿಗೆ ಪ್ರವಾಹವನ್ನು ಮಿತಿಗೊಳಿಸುವ ರೋಧಕ ತುಂಡಾಗಿರಬಹುದು, ಸ್ಟಾರ್ಟ್ ಮಾಡುವಾಗ ಈ ರೋಧಕವನ್ನು ಬಿಟ್ಟು ಬೇರೆ ದಾರಿಯಿಂದ ಪ್ರವಾಹ ಬರುವುದರಿಂದ ಆ ಲಕ್ಷಣ ಕಾಣಿಸುವುದು.

ಎಂಜಿನ್ನು ತಿರುಗದಿದ್ದರೆ ಅಥವಾ ಏದುಸಿರು ಬಿಡುತ್ತ ತಿರುಗಿದರೆ, ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಉತ್ತಮ ಪರೀಕ್ಷೆ ಹೆಡ್‌ಲೈಟಿನದು. ದೀಪಗಳನ್ನು ಬೆಳಗಿಸಿ, ಒಬ್ಬರನ್ನು ಮುಂದೆ ನಿಲ್ಲಿಸಿ, ಕೀಲಿಯನ್ನು ತಿರುವಬೇಕು. ದೀಪ ಮೊದಲೇ ಮಂಕಾಗಿದ್ದು, ಕೀಲಿ ತಿರುವಿದೊಡನೆ ಆರಿಯೇಹೋದರೆ ಬ್ಯಾಟರಿ ಡೌನ್ ಆಗಿದೆ. ದೀಪ ಪ್ರಕಾಶಮಾನವಾಗಿದ್ದು, ಕೀಲಿ ತಿರುವಿದಾಗಲೂ ಕಿಂಚಿತ್ತೂ ಕುಂದದೆ, ಸದ್ದೇನೂ ಕೇಳಿಸದಿದ್ದರೆ, ಸೆಲ್ಫಿಗೆ ಪ್ರವಾಹ ಹೋಗುತ್ತಲೇ ಇಲ್ಲ. ದೋಷವನ್ನು ಕೀಲಿಯ ಸ್ವಿಚ್ಚು, ರಿಲೇ, ಫ್ಯೂಸು, ಸಾಲೆನಾಯ್ಡಿನ ಸಣ್ಣ ತಂತಿ ಇವುಗಳಲ್ಲಿ ಹುಡುಕಬೇಕು. ಆಟೋಮ್ಯಾಟಿಕ್ ಗೇರಿನ ಕಾರುಗಳಲ್ಲಿ ಗೇರು ನಿಲುಗಡೆಯ ಅಥವಾ ನ್ಯೂಟ್ರಲ್ ಸ್ಥಾನದಲ್ಲಿಲ್ಲದಿದ್ದರೂ, ಇತ್ತೀಚಿನ ಅನೇಕ ಕಾರುಗಳಲ್ಲಿ ಕ್ಲಚ್ ಪೆಡಲನ್ನು ಪೂರ್ತಿಯಾಗಿ ಅದುಮದಿದ್ದರೂ ಇದೇ ಮೌನ ಉಂಟಾಗುವುದು. ದೀಪ ಉಜ್ವಲವಾಗಿಯೇ ಇದ್ದು, ಒಂದೇ ಒಂದು ದೊಡ್ಡ 'ಟಕ್' ಕೇಳಿ ಬೇರೇನೂ ಆಗದಿದ್ದರೆ ಸಾಲೆನಾಯ್ಡ್ ಚಲಿಸಿದೆ, ಆದರೆ ಅದರ ತಾಮ್ರದ ಸಂಪರ್ಕಗಳು ಸುಟ್ಟಿರುವುದರಿಂದಲೋ ಮೋಟಾರಿನ ಕಾರ್ಬನ್ ಬ್ರಷ್ಷುಗಳು ಸವೆದಿರುವುದರಿಂದಲೋ ಪ್ರವಾಹ ಮುಂದುವರಿದಿಲ್ಲ. ಒಂದು ಸದ್ದಿನ ಜತೆಗೆ ದೀಪವೂ ಥಟ್ಟನೆ ಕುಂದಿದರೆ ಮೋಟಾರು ಪ್ರವಾಹವನ್ನು ಎಳೆದುಕೊಂಡರೂ ತಿರುಗಲಾರದೆ ಸಿಕ್ಕಿಕೊಂಡಿರಬಹುದು, ಬುಷ್ಷುಗಳು ಸವೆದು ಆರ್ಮೇಚರು ಒಳಗೋಡೆಗೆ ತಾಗುತ್ತಿರಬಹುದು. ಎಂಜಿನ್ನೇ ಬಿಗಿದುಕೊಂಡಿರುವ ಸಂಭವವೂ ಇಲ್ಲದಿಲ್ಲ. 'ಟಕ ಟಕ ಟಕ' ಎಂದು ಒಂದೇ ಸಮನೆ ಬಡಿಯುವ ಸದ್ದಿನ ಕಾರಣವಾದರೋ ಬಲು ಸ್ಪಷ್ಟವಾದುದು. ಬ್ಯಾಟರಿಯಲ್ಲಿ ಸಾಲೆನಾಯ್ಡನ್ನು ಎಳೆಯುವಷ್ಟು ಶಕ್ತಿಯಿದೆ, ಆದರೆ ಸಂಪರ್ಕ ಕೂಡಿ ಮೋಟಾರಿನ ಹೊರೆ ಬಿದ್ದ ಕ್ಷಣವೇ ವಿಭವಾಂತರ ಕುಸಿದು ಸಾಲೆನಾಯ್ಡ್ ಕೈಬಿಡುವುದು. ಬಿಟ್ಟೊಡನೆ ವಿಭವಾಂತರ ಚೇತರಿಸಿಕೊಂಡು ಮತ್ತೆ ಎಳೆಯುವುದು. ಬರಿದಾದ ಬ್ಯಾಟರಿ ಅಥವಾ ಕೆಟ್ಟ ಟರ್ಮಿನಲ್, ಈ ಎರಡರಲ್ಲೊಂದು ಇದರ ಮೂಲ. ಮೋಟಾರು 'ಗುಯ್ಯ್' ಎಂದು ವೇಗವಾಗಿ ಸುತ್ತಿ ಎಂಜಿನ್ನು ಅಲುಗದಿದ್ದರೆ ಬ್ಯಾಟರಿ ನಿರ್ದೋಷಿ. ಮೆಕ್ಯಾನಿಕ್ಕುಗಳು ಬೆಂಡಿಕ್ಸ್ ಎಂದು ಕರೆಯುವ ಹಲ್ಲುಗಾಲಿಯ ಭಾಗ ಜಾರುತ್ತಿದೆ.

ಮೀಟರನ್ನು ಹಿಡಿದು ಪರೀಕ್ಷಿಸುವವರು ಗಮನಿಸತಕ್ಕ ಸೂಕ್ಷ್ಮವೊಂದಿದೆ. ಕಾರು ಓಡಿ ನಿಂತ ಕೂಡಲೇ, ಅಥವಾ ಚಾರ್ಜರಿನಿಂದ ಬಿಡಿಸಿದ ಕೂಡಲೇ, ಫಲಕಗಳ ಮೇಲ್ಮೈಯಲ್ಲಿ ನಿಂತ ತಾತ್ಕಾಲಿಕ ಚಾರ್ಜು ದುರ್ಬಲ ಬ್ಯಾಟರಿಯಲ್ಲಿಯೂ 13 ವೋಲ್ಟನ್ನು ತೋರಿಸಬಹುದು. ಹೆಡ್‌ಲೈಟನ್ನು ಒಂದೆರಡು ನಿಮಿಷ ಬೆಳಗಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆದರೆ ನಿಜಸ್ಥಿತಿ ಹೊರಬೀಳುವುದು: 12.6 ಇದ್ದರೆ ಪೂರ್ಣ, 12.4 ಇದ್ದರೆ ಮುಕ್ಕಾಲು, 12.2ಕ್ಕೆ ಅರ್ಧ, 12.0ಕ್ಕೆ ಕಾಲುಭಾಗ ಎಂದು ಸ್ಥೂಲವಾಗಿ ಗ್ರಹಿಸಬಹುದು. ಇಷ್ಟಾದರೂ ವಿಶ್ರಾಂತಿಯಲ್ಲಿರುವ ಬ್ಯಾಟರಿಯ ವಿಭವಾಂತರವನ್ನು ನಂಬಿ ತೀರ್ಪು ಕೊಡಲಾಗದು. ಅದು ಎಷ್ಟು ತುಂಬಿದೆಯೆಂಬುದನ್ನು ಹೇಳುವುದೇ ಹೊರತು ಎಷ್ಟು ಹೊರೆ ಹೊರಬಲ್ಲದೆಂಬುದನ್ನು ಹೇಳದು. ಸೆಲ್ಫ್ ತಿರುಗುತ್ತಿರುವಾಗ ಟರ್ಮಿನಲ್ಲುಗಳ ನಡುವೆ ಅಳೆದು, ಮುಳ್ಳು 9.6 ವೋಲ್ಟಿಗಿಂತ ಕೆಳಗಿಳಿಯದಿದ್ದರೆ ಬ್ಯಾಟರಿ ಸ್ವಸ್ಥವೆನ್ನಬಹುದು. ಚೆನ್ನಾಗಿ ತುಂಬಿಸಿದ ಮೇಲೂ ಅದಕ್ಕಿಂತ ಕುಸಿದರೆ ಒಂದೋ ಬ್ಯಾಟರಿಯ ಆಯುಸ್ಸು ಮುಗಿದಿದೆ, ಇಲ್ಲವೆ ಮೋಟಾರು ಅತಿಯಾಗಿ ಎಳೆಯುತ್ತಿದೆ.

ಎಲ್ಲ ದೋಷಗಳಿಗಿಂತ ಹೆಚ್ಚಾಗಿ ಕಣ್ತಪ್ಪಿಸಿಕೊಳ್ಳುವುದು ಮಾರ್ಗದ ರೋಧ. ಇದನ್ನು ವಿಸ್ತರಿಸಿಯೇ ಹೇಳಬೇಕು. ಟರ್ಮಿನಲ್ಲಿನ ಸಂಧಿಯೊಂದರಲ್ಲಿ ಕಿಲುಬು ಕಟ್ಟಿ ಓಮಿನ ಐವತ್ತನೆಯ ಒಂದು ಭಾಗದಷ್ಟು, ಎಂದರೆ 0.02 ಓಮ್, ರೋಧ ಉಂಟಾಯಿತೆಂದು ಭಾವಿಸೋಣ. ಅರ್ಧ ಆಂಪೇರಿನ ಒಳದೀಪ ಉರಿಯುವಾಗ ಆ ಸಂಧಿಯಲ್ಲಿ ನಷ್ಟವಾಗುವುದು ವೋಲ್ಟಿನ ನೂರನೆಯ ಒಂದು ಭಾಗ. ಹತ್ತು ಆಂಪೇರಿನ ಹೆಡ್‌ಲೈಟಿಗೆ ನಷ್ಟವಾಗುವುದು ವೋಲ್ಟಿನ ಐದನೆಯ ಒಂದು ಭಾಗ. ಕಣ್ಣಿಗೆ ಇದು ತೋರದು. ಆದರೆ ಸೆಲ್ಫ್ 150 ಆಂಪೇರನ್ನು ಬೇಡಿದಾಗ ಅದೇ ಸಂಧಿಯಲ್ಲಿ 3 ವೋಲ್ಟ್ ನಷ್ಟವಾಗಿ ಮೋಟಾರು ಮುಗ್ಗರಿಸುವುದು. ದೀಪ ಉರಿಯುತ್ತದೆ, ಹಾರನ್ನು ಕೂಗುತ್ತದೆ, ಮೀಟರು 12.6 ಎನ್ನುತ್ತದೆ, ಕಾರು ಮಾತ್ರ ಹೊರಡದು ಎಂಬ ಒಗಟಿಗೆ ಓಮನ ನಿಯಮವೇ ಉತ್ತರ. ಇದನ್ನು ಕಂಡುಹಿಡಿಯುವ ಕ್ರಮವೂ ಸರಳವಾದುದೇ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನಸ್ತಂಭದ ಸೀಸದ ಮೇಲೆಯೇ, ಇನ್ನೊಂದನ್ನು ಸೆಲ್ಫಿನ ದಪ್ಪ ಬೋಲ್ಟಿನ ಮೇಲೆ ಒತ್ತಿಹಿಡಿದು ಕೀಲಿ ತಿರುವಬೇಕು. ಮಾರ್ಗ ನಿರ್ದೋಷವಾಗಿದ್ದರೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಬಾರದು. ಅಂತೆಯೇ ಋಣಸ್ತಂಭಕ್ಕೂ ಎಂಜಿನ್ನಿನ ಮೈಗೂ ನಡುವೆ ವೋಲ್ಟಿನ ಐದನೆಯ ಒಂದು ಭಾಗವನ್ನು ಮೀರಬಾರದು. ಎಲ್ಲಿ ಹೆಚ್ಚು ತೋರುವುದೋ ಅಲ್ಲಿಯೇ ಕಳ್ಳನಿರುವನು; ಕಡ್ಡಿಗಳನ್ನು ಒಂದೊಂದು ಸಂಧಿಯಿಂದ ಸಂಧಿಗೆ ಹತ್ತಿರ ತರುತ್ತ ಹೋದರೆ ಸ್ಥಳ ನಿಶ್ಚಯವಾಗುವುದು.

ಎಂಜಿನ್ನನ್ನು ರಬ್ಬರಿನ ಒತ್ತುಗಳ ಮೇಲೆ ಕೂರಿಸಿರುವುದರಿಂದ ಅದಕ್ಕೂ ಕಾರಿನ ಮೈಗೂ ವಿದ್ಯುತ್ಸಂಬಂಧ ಏರ್ಪಡಿಸಲು ಹೆಣೆದ ತಾಮ್ರದ ಅರ್ತ್ ಪಟ್ಟಿಯೊಂದಿರುವುದು. ಇದು ತುಕ್ಕುಹಿಡಿದೋ ಕಡಿದೋ ಹೋದರೆ ಸೆಲ್ಫಿನ ಅಗಾಧ ಪ್ರವಾಹ ಸಿಕ್ಕಿದ ದಾರಿಯನ್ನು ಹಿಡಿಯುವುದು; ಹಳೆಯ ಕಾರುಗಳಲ್ಲಿ ಆಕ್ಸಿಲರೇಟರಿನ ಅಥವಾ ಚೋಕಿನ ಉಕ್ಕಿನ ಕೇಬಲ್ಲು ಕಾದು ಹೊಗೆಯಾಡಿದ ಪ್ರಸಂಗಗಳು ಅನುಭವಿಗಳಾದ ಮೆಕ್ಯಾನಿಕ್ಕುಗಳಿಗೆಲ್ಲ ಗೊತ್ತು. ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿಯಲ್ಲಿ ಈ ಪಟ್ಟಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ ಬಿಗಿಯುವುದು ಹೊಸ ಬ್ಯಾಟರಿ ಕೊಳ್ಳುವುದಕ್ಕಿಂತ ಮೇಲು. ಟರ್ಮಿನಲ್ಲುಗಳ ಮೇಲೆ ಬೆಳೆಯುವ ಬಿಳಿಹಸಿರು ಪುಡಿಯನ್ನು ಅಡಿಗೆಸೋಡಾ ಕದಡಿದ ಬಿಸಿನೀರಿನಿಂದ ತೊಳೆದು, ಒರೆಸಿ, ಬಿಗಿದ ಮೇಲೆ ವ್ಯಾಸಲೀನ್ ಸವರಬೇಕು. ಸೋಡಾದ ನೀರು ಕೋಶದೊಳಕ್ಕೆ ಹೋಗದಂತೆ ಮುಚ್ಚಳಗಳು ಭದ್ರವಾಗಿರಬೇಕು. ಬಿಚ್ಚುವಾಗ ಋಣದ ಕೇಬಲ್ಲನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಜೋಡಿಸಬೇಕು. ಇಲ್ಲವಾದರೆ ಧನಸ್ತಂಭಕ್ಕೆ ಹಿಡಿದ ಸ್ಪ್ಯಾನರು ಕಾರಿನ ಮೈಗೆ ತಾಗಿ ಶಾರ್ಟ್ ಆಗುವುದು. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನಸ್ತಂಭವೇ ಮೈಗೆ ಕೂಡಿರುತ್ತಿದ್ದುದರಿಂದ, ಹಳೆಯ ಕಾರುಗಳನ್ನು ಕಾಪಾಡಿಕೊಂಡು ಬಂದವರು ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳತಕ್ಕದ್ದು.

ತುಂಬುವ ಯಂತ್ರದ ಕಡೆಗೆ ಬರೋಣ. ಮೊದಲಿನ ಕಾರುಗಳಲ್ಲಿ ಡೈನಮೋ ಮತ್ತು ಅದರ ಕಟೌಟು ಇದ್ದುವು. ಎಂಜಿನ್ನು ನಿಧಾನವಾಗಿ ತಿರುಗುವಾಗ ಡೈನಮೋ ಏನನ್ನೂ ಕೊಡುತ್ತಿರಲಿಲ್ಲ. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ, 1960ರಿಂದೀಚೆಗೆ, ಆಲ್ಟರ್ನೇಟರು ಅದರ ಸ್ಥಾನವನ್ನಾಕ್ರಮಿಸಿತು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ಲುಗಳಲ್ಲಿ 13.8ರಿಂದ 14.4 ವೋಲ್ಟ್ ಇರುವುದು ಸಾಮಾನ್ಯ ಕಾರುಗಳಲ್ಲಿ ಆರೋಗ್ಯದ ಲಕ್ಷಣ. 13ರ ಕೆಳಗೇ ನಿಂತಿದ್ದರೆ ಬೆಲ್ಟು ಸಡಿಲವಾಗಿರಬಹುದು, ಬ್ರಷ್ಷು ಸವೆದಿರಬಹುದು, ಡಯೋಡು ಸುಟ್ಟಿರಬಹುದು. 15ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಕೀಲಿಯನ್ನು ಅರ್ಧ ತಿರುವಿದಾಗ ಬೆಳಗಿ, ಎಂಜಿನ್ನು ಹೊತ್ತಿಕೊಂಡ ಮೇಲೆ ಆರುವ ಕೆಂಪು ಬ್ಯಾಟರಿ ದೀಪ ಈ ಭಾಗದ ಕಾವಲುಗಾರ. ಅದು ಮೊದಲೇ ಬೆಳಗದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ಭಾವಿಸಬಾರದು. ಹಲವು ಕಾರುಗಳಲ್ಲಿ ಆಲ್ಟರ್ನೇಟರನ್ನು ಎಚ್ಚರಿಸುವ ಮೊದಲ ಪ್ರವಾಹ ಆ ದೀಪದ ಮೂಲಕವೇ ಹೋಗತಕ್ಕದ್ದಾಗಿದೆ. ಎಂಜಿನ್ನು ಓಡುತ್ತಿರುವಾಗಲೇ ಬ್ಯಾಟರಿಯ ಕೇಬಲ್ಲನ್ನು ಕಳಚಿ ಚಾರ್ಜಿಂಗನ್ನು ಪರೀಕ್ಷಿಸುವ ಡೈನಮೋ ಕಾಲದ ರೂಢಿ ಇನ್ನೂ ಕೆಲವೆಡೆ ಉಳಿದಿದೆ. ಇದನ್ನು ಖಂಡಿತವಾಗಿ ತ್ಯಜಿಸಬೇಕು. ಹೊರೆ ಹಠಾತ್ತನೆ ತಪ್ಪಿದಾಗ ಆಲ್ಟರ್ನೇಟರಿನ ವಿಭವಾಂತರ ನೆಗೆದು ಅದರ ಡಯೋಡುಗಳನ್ನೂ ಕಾರಿನ ಎಲೆಕ್ಟ್ರಾನಿಕ್ ಭಾಗಗಳನ್ನೂ ಸುಡಬಲ್ಲುದು.

ರಾತ್ರಿ ಚೆನ್ನಾಗಿದ್ದ ಬ್ಯಾಟರಿ ಬೆಳಗಾಗುವುದರೊಳಗೆ ಬರಿದಾಗುವ ತೊಂದರೆಗೆ ಕಾರಣ ಬೇರೆ. ಇಲ್ಲಿ ಸ್ವಲ್ಪ ಗಣಿತ ಉಪಕಾರಿ. 150 ಆಂಪೇರಿನಂತೆ ಎರಡು ಸೆಕೆಂಡು ಸೆಲ್ಫ್ ತಿರುಗಿದರೆ ವ್ಯಯವಾಗುವುದು ಒಂದು ಆಂಪೇರ್-ಗಂಟೆಯ ಹನ್ನೆರಡನೆಯ ಒಂದು ಭಾಗ ಮಾತ್ರ. ಆಲ್ಟರ್ನೇಟರು ಅದನ್ನು ಒಂದೆರಡು ನಿಮಿಷಗಳಲ್ಲಿ ತುಂಬಿಕೊಡುವುದು. ಆದರೆ ಮರೆತು ಬಿಟ್ಟ 5 ವ್ಯಾಟಿನ ಒಳದೀಪ ಎರಡು ದಿನಗಳಲ್ಲಿ ಸುಮಾರು 20 ಆಂಪೇರ್-ಗಂಟೆಯನ್ನು, ಎಂದರೆ ಚಿಕ್ಕ ಕಾರಿನ 35 ಆಂಪೇರ್-ಗಂಟೆಯ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚನ್ನು, ಹೀರುವುದು. ಹೆಡ್‌ಲೈಟುಗಳಾದರೆ ಮೂರು ಗಂಟೆಯಲ್ಲಿ ಕೆಲಸ ಮುಗಿಸುವುವು. ಈಚಿನ ಕಾರುಗಳಲ್ಲಿ ಕಳ್ಳಗಂಟೆ, ಗಡಿಯಾರ, ಗಣಕಗಳ ಸ್ಮರಣೆ ಇವುಗಳಿಗಾಗಿ 20ರಿಂದ 50 ಮಿಲಿಆಂಪೇರ್ ಸದಾ ಹರಿಯುತ್ತಿರುವುದು ಸ್ವಾಭಾವಿಕ. ಆ ಮೇಲಿನ ಮಿತಿಯಲ್ಲಿಯೂ ದಿನಕ್ಕೆ 1.2 ಆಂಪೇರ್-ಗಂಟೆ ಕಳೆದು, ತಿಂಗಳು ನಿಂತ ಚಿಕ್ಕ ಕಾರು ಹೊರಡಲಾರದು. ಊರಿಗೆ ಹೋಗುವವರು ಋಣದ ಕೇಬಲ್ಲನ್ನು ಕಳಚಿಟ್ಟು ಹೋಗುವುದು ವಿವೇಕ. 50 ಮಿಲಿಆಂಪೇರಿಗಿಂತ ಹೆಚ್ಚಾಗಿ ಸೋರುತ್ತಿದ್ದರೆ, ಋಣಸ್ತಂಭಕ್ಕೂ ಅದರ ಕೇಬಲ್ಲಿಗೂ ನಡುವೆ ಆಂಪೇರ್ ಮಾಪಕವನ್ನು ಸೇರಿಸಿ, ಬಾಗಿಲುಗಳನ್ನು ಮುಚ್ಚಿ, ಕಾರಿನ ಗಣಕಗಳು ನಿದ್ರೆಹೋಗುವಷ್ಟು ಹೊತ್ತು ಕಾದು, ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಪ್ರವಾಹ ಇಳಿಯುವುದೋ ಆ ಫ್ಯೂಸಿನ ಶಾಖೆಯಲ್ಲಿ ದೋಷವಿರುವುದು. ಮಾಪಕ ಸೇರಿಸಿರುವಾಗ ಕೀಲಿ ತಿರುವಕೂಡದು. ಹೊರಗಿನಿಂದ ಹಾಕಿಸಿದ ಸಂಗೀತಯಂತ್ರ, ಮುಚ್ಚಿದರೂ ಆರದ ಡಿಕ್ಕಿಯ ದೀಪ, ಆಲ್ಟರ್ನೇಟರಿನ ಕೆಟ್ಟ ಡಯೋಡು ಇವು ಸಾಮಾನ್ಯ ಅಪರಾಧಿಗಳು. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚನೆಯ ಬಾನೆಟ್ಟಿನಡಿ ಸೇರಿದ ಇಲಿಗಳು ತಂತಿಯ ಹೊದಿಕೆ ಕಡಿಯುವುದೂ ಸಾಮಾನ್ಯವೇ.

ಬೇರೊಂದು ಕಾರಿನ ಬ್ಯಾಟರಿಯಿಂದ ಪ್ರವಾಹವನ್ನು ಎರವು ಪಡೆಯುವಾಗ ಕ್ರಮ ತಪ್ಪಿದರೆ ಅಪಾಯವುಂಟು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುವುದು; ಗಾಳಿಯಲ್ಲಿ ನೂರಕ್ಕೆ 4 ಪಾಲಿನಷ್ಟು ಅದು ಬೆರೆತರೂ ಒಂದು ಕಿಡಿ ಸ್ಫೋಟಕ್ಕೆ ಸಾಕು, ಸಿಡಿದ ಆಮ್ಲ ಕಣ್ಣನ್ನೇ ಕಳೆಯಬಹುದು. ಕೆಂಪು ಕೇಬಲ್ಲನ್ನು ಮೊದಲು ಬರಿದಾದುದರ ಧನಸ್ತಂಭಕ್ಕೂ ಆಮೇಲೆ ತುಂಬಿದುದರ ಧನಸ್ತಂಭಕ್ಕೂ, ಕಪ್ಪನ್ನು ತುಂಬಿದುದರ ಋಣಸ್ತಂಭಕ್ಕೂ ಹಾಕಿ, ಅದರ ಕೊನೆಯ ತುದಿಯನ್ನು ಬರಿದಾದ ಬ್ಯಾಟರಿಗೆ ಹಾಕದೆ, ಅದರಿಂದ ದೂರವಾಗಿ ಎಂಜಿನ್ನಿನ ಬಣ್ಣವಿಲ್ಲದ ಲೋಹಭಾಗಕ್ಕೆ ಕಚ್ಚಿಸಬೇಕು. ಕಿಡಿ ಹಾರುವುದಾದರೆ ಅಲ್ಲಿ ಹಾರಲಿ. ತೆಗೆಯುವಾಗ ಇದೇ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಬೇಕು. ಎರಡೂ 12 ವೋಲ್ಟಿನವೇ ಆಗಿರಬೇಕೆಂಬುದನ್ನು ಮರೆಯಕೂಡದು; ಲಾರಿಯ 24 ವೋಲ್ಟು ಕಾರಿನ ಎಲೆಕ್ಟ್ರಾನಿಕ್ ಭಾಗಗಳನ್ನು ನಾಶಮಾಡುವುದು. ಕಾರನ್ನು ತಳ್ಳಿ, ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ಬಿಟ್ಟು ಸ್ಟಾರ್ಟ್ ಮಾಡುವ ಚಿರಪರಿಚಿತ ಉಪಾಯ ಆಟೋಮ್ಯಾಟಿಕ್ ಗೇರಿನ ಕಾರಿಗೆ ಸಲ್ಲದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಂಧನದ ಪಂಪೂ ಗಣಕವೂ ಕೆಲಸ ಮಾಡದೆ ಹೊಸ ಕಾರುಗಳಲ್ಲಿ ಅದು ಫಲಿಸುವುದೂ ಇಲ್ಲ. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ ನಡುವೆ ಒಂದೆರಡು ನಿಮಿಷ ವಿರಾಮ ಕೊಡಬೇಕು. ಅದರ ಸುರುಳಿಗಳು ತಂಪಾಗಲು ಬೇರೆ ಏರ್ಪಾಡಿಲ್ಲ.

ಕೆನಡಾ ಮತ್ತು ಅಮೆರಿಕದ ಉತ್ತರಭಾಗದ ಶೀತಪ್ರಾಂತಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಾರು ಹೊರಡಿಸುವ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುವುದು. ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗೆ ಬ್ಯಾಟರಿಯ ಶಕ್ತಿ ಅರ್ಧಕ್ಕಿಂತಲೂ ಕಡಿಮೆಯಾಗುವುದು, ಎಣ್ಣೆ ಗಟ್ಟಿಯಾಗಿ ಎಂಜಿನ್ನು ತಿರುಗಲು ಹೆಚ್ಚಿನ ಬಲ ಬೇಕಾಗುವುದು. ಬ್ಯಾಟರಿಯ ಮೇಲೆ ಮುದ್ರಿಸಿರುವ ಶೀತಾರಂಭದ ಆಂಪೇರುಗಳೆಂದರೆ ಆ ಉಷ್ಣತೆಯಲ್ಲಿ ಮೂವತ್ತು ಸೆಕೆಂಡುಗಳ ಕಾಲ, 7.2 ವೋಲ್ಟಿಗಿಂತ ಕೆಳಗಿಳಿಯದೆ ಕೊಡಬಲ್ಲ ಪ್ರವಾಹ. ತುಂಬಿದ ಬ್ಯಾಟರಿಯ ಆಮ್ಲ ಅಲ್ಲಿನ ಚಳಿಗೂ ಹೆಪ್ಪುಗಟ್ಟದು. ಬರಿದಾದುದು ಬಹುಮಟ್ಟಿಗೆ ನೀರೇ ಆಗಿರುವುದರಿಂದ ಹೆಪ್ಪುಗಟ್ಟಿ ಒಡೆಯುವುದು. ಹೆಪ್ಪುಗಟ್ಟಿದ ಬ್ಯಾಟರಿಯನ್ನು ಚಾರ್ಜ್ ಮಾಡಲು ಯತ್ನಿಸಬಾರದು.

ರಸ್ತೆಯ ಕೆಂಪುದೀಪಗಳ ಬಳಿ ಎಂಜಿನ್ನನ್ನು ತಾನೇ ನಿಲ್ಲಿಸಿ ಎಬ್ಬಿಸುವ ಹೊಸ ಕಾರುಗಳಿಗೆ, ಆಮ್ಲವನ್ನು ಗಾಜಿನೆಳೆಯ ಹಾಸಿನಲ್ಲಿ ಹೀರಿಸಿಟ್ಟ ಬ್ಯಾಟರಿಗಳೋ ಬಲಪಡಿಸಿದ ದ್ರವಬ್ಯಾಟರಿಗಳೋ ಬೇಕು. ಅವುಗಳ ಸ್ಥಾನದಲ್ಲಿ ಅಗ್ಗವೆಂದು ಸಾಮಾನ್ಯ ಬ್ಯಾಟರಿ ಹಾಕಿದರೆ ಅದು ಬೇಗನೆ ಸಾಯುವುದು. ಬದಲಿಸುವ ಕಾಲ ನಿಜವಾಗಿ ಬಂದಾಗ ತಯಾರಕರು ಹೇಳಿದ ಅಳತೆಯನ್ನೇ ಕೊಂಡು, ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳನ್ನು ನೋಡಿ, ಹಳೆಯದನ್ನು ಮಾರಿದ ಅಂಗಡಿಗೇ ಹಿಂತಿರುಗಿಸಬೇಕು. ಅದರೊಳಗಿನ ಸೀಸವನ್ನು ಬಹುಪಾಲು ಮರಳಿ ಬಳಸಬಹುದು. ಆದರೆ ಬಯಲಿನಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸುವ ಕಡೆಗಳಲ್ಲಿ ಅದರ ಹೊಗೆಯೂ ಧೂಳೂ ಸುತ್ತಲಿನ ಮಕ್ಕಳ ಮಿದುಳಿಗೆ ವಿಷವಾಗುವುವು. ಭಾರತದಲ್ಲಿ 2001ರ ನಿಯಮಗಳೂ ಅವುಗಳಿಗೆ ಬದಲಾಗಿ ಬಂದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ; ಬಳಸಿದವರು ಅದನ್ನು ಗುಜರಿಯವನ ಗಾಡಿಗೆ ಹಾಕದೆ ಅಂಗಡಿಗೆ ಮುಟ್ಟಿಸಬೇಕು.